ಒದ್ದೆ ಅಂಗೈಯ ಟೀಚರ್

ನಮ್ಮ ಟೀಚರ ಅಂಗೈ ಸದಾ ಒದ್ದೆ. ಅವರು ಹಿಡಿದ ಚಾಕ್‌ಪೀಸು ಪಾಠ ಅರ್ಧ ಆಗುವಷ್ಟರಲ್ಲಿ ಹಿಟ್ಟಾಗಿಬಿಡುತ್ತಿತ್ತು. ಆ ಕೈಯಲ್ಲಿ ಏನು ಮುಟ್ಟಿದರೂ ಅಲ್ಲೊಂದು ಬಿಳಿ ಗುರುತು. ಬಾಗಿಲ ದಾರಂದ, ನಮ್ಮ ತಲೆ, ಶಾಲೆಯ ಜಗಲಿಯ ಕಂಬ. ಜಗಲಿಯಲ್ಲಿ ನಡೆಯುವಾಗ ಒಂದೊಂದು ಕಂಬವನ್ನೂ ಮುಟ್ಟಿಯೇ ಮುಂದೆ ಹೋಗುವ ಅಭ್ಯಾಸ ಅವರದು, ಹಾಗಾಗಿ ಕಂಬಗಳೆಲ್ಲದರ ಮೇಲೂ ಒಂದೇ ಎತ್ತರದಲ್ಲಿ ಅವರ ಅಂಗೈ ಇತ್ತು. ಕರಾವಳಿಯ ಸೆಖೆಗೆ ಬೆವರುವುದು ದೊಡ್ಡ ಸಂಗತಿಯೇನಲ್ಲ. ಆದರೆ ಟೀಚರ ಬೆವರು ಹೆದರಿಕೆಯದು ಎಂದು ಇಡೀ ಶಾಲೆಗೆ ಗೊತ್ತಿತ್ತು.

ಅವರಿಗೆ ನಾಯಿ ಹೆದರಿಕೆ, ಬಾವಿ ಹೆದರಿಕೆ, ಇಂಜೆಕ್ಷನ್ ಹೆದರಿಕೆ. ಕೋಟದಲ್ಲಿ ಹೆದ್ದಾರಿ ದಾಟಬೇಕೆಂದರೆ ಯಾರಾದರೂ ಗುರುತಿನವರು ಬರುವವರೆಗೆ ಅಂಚಿನಲ್ಲಿ ನಿಂತೇ ಇರುತ್ತಿದ್ದರು. ಮದುವೆ ಹಾಲಿಗೆ ಹೋದರೆ ಎಲ್ಲರೂ ಊಟದ ಪಂಕ್ತಿ ಎಲ್ಲಿ ಎಂದು ನೋಡುತ್ತಾರೆ, ಇವರು ಮೊದಲು ಕೇಳುವುದು, "ಹೊರಗ್ ಹೋಪ ದಾರಿ ಎಲ್ಲಿತ್ತ್?" ಗುಡುಗು ಶುರುವಾದರೆ ಪಾಠ ನಿಲ್ಲಿಸಿ, ನಮ್ಮ ಕೈಯಲ್ಲಿ ಗಂಟಲು ಹರಿಯುವ ಹಾಗೆ ಮಗ್ಗಿ ಹೇಳಿಸುತ್ತಿದ್ದರು. ಗುಡುಗು ತಮಗೆ ಕೇಳಿಸಬಾರದು ಎಂಬುದಷ್ಟೇ ಅದರ ಉದ್ದೇಶ. ನಮಗೆ ಮಗ್ಗಿ ಬಾಯಿಗೆ ಬಂದದ್ದು ಹಾಗೆ.

ಇಷ್ಟು ಹೆದರುವವರು ಪ್ರತಿವರ್ಷ ನಮ್ಮನ್ನು ಕಡಲು ನೋಡಲು ಕರೆದೊಯ್ಯುತ್ತಿದ್ದರು. ಮೊದಲು ಒಬ್ಬರೇ ಹೋಗಿ ಜಾಗ ನೋಡಿ ಬರುವರು. ಎಲ್ಲಿ ಆಳ, ಎಲ್ಲಿ ಜಾರುತ್ತದೆ, ಎಲ್ಲಿ ನಾಯಿ ಇದೆ ಎಲ್ಲ ತಿಳಿದುಕೊಂಡ ಮೇಲೆಯೇ ಮಕ್ಕಳ ಪ್ರವಾಸ. ಆ ದಿನ ಉದ್ದದ ಹುರಿಹಗ್ಗವೊಂದು ಬರುತ್ತಿತ್ತು, ಮಾರಿಗೊಂದು ಗಂಟು ಹಾಕಿದ್ದು. ಒಬ್ಬೊಬ್ಬರು ಒಂದೊಂದು ಗಂಟು ಹಿಡಿಯಬೇಕು. ನಾವು ಸಾಲಾಗಿ ತ್ರಾಸಿಯ ಮರಳಿಗೆ ಇಳಿದರೆ ದಡದ ಮೀನುಗಾರರು, "ಹ್ವಾಯ್ ಟೀಚ್ರೇ, ಬಲೆ ಎಳುಕ್ ಬಂದ್ರ್ಯಾ?" ಎಂದು ನಗುತ್ತಿದ್ದರು. ಟೀಚರ್ ನಗುತ್ತಿರಲಿಲ್ಲ. "ಗಂಟ್ ಬಿಡ್ಬೇಡಿ ಮಕ್ಳೆ" ಎನ್ನುತ್ತ, ಗಾಳಿಯಲ್ಲಿ ಬೆರಳು ಆಡಿಸಿ ನಮ್ಮನ್ನು ಎಣಿಸುತ್ತಿದ್ದರು. ಎಣಿಸಿ ಮುಗಿದ ಕೂಡಲೇ ಮತ್ತೆ ಎಣಿಸುತ್ತಿದ್ದರು.

ಪಾಠದಲ್ಲಿ ಅವರಿಗೆ ಪ್ರೀತಿಯದ್ದು ಇಟಲಿ. ಕಪ್ಪು ಹಲಗೆಯ ಮೇಲೆ ಆ ಬೂಟುಗಾಲಿನಂಥ ನಕ್ಷೆಯನ್ನು ಪುಸ್ತಕ ನೋಡದೆಯೇ ಬರೆಯುತ್ತಿದ್ದರು. "ಇಷ್ಟು ಉದ್ದದ ಕಾಲನ್ನು ಸಮುದ್ರಕ್ಕೆ ಇಟ್ಟು ಹೆದರದೆ ನಿಂತಿದೆ ನೋಡಿ. ನಾನೊಂದು ದಿನ ಅಲ್ಲಿಗೆ ಹೋಗುವವಳೇ" ಎನ್ನುತ್ತಿದ್ದರು. ಹೆದ್ದಾರಿ ದಾಟಲಾರದವರು ಇಟಲಿಗೆ ಹೋಗುವುದು! ನಾವು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು.

ಅವರು ನಿವೃತ್ತರಾಗಿ ಸಾಲಿಗ್ರಾಮದಲ್ಲಿ ತಂಗಿಯ ಮನೆಯಲ್ಲಿದ್ದರು. ನಾನು ಬ್ರಹ್ಮಾವರದಲ್ಲಿ ಔಷಧಿ ಅಂಗಡಿ ಇಟ್ಟಿದ್ದೇನೆ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಂದು ಬಿ.ಪಿ. ಮಾತ್ರೆ ತೆಗೆದುಕೊಂಡು ಹೋದವರು, ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಅದೇ ಮಾತ್ರೆ ಕೇಳಿದರು. ನನ್ನ ಮುಖ ನೋಡಿ ಅವರಿಗೆ ಗೊತ್ತಾಯಿತು. ಕೌಂಟರಿನ ಗಾಜಿನ ಮೇಲೆ ಕೈ ಊರಿ ಮೆಲ್ಲಗೆ ಹೇಳಿದರು, "ಡಾಕ್ಟ್ರ್ ಹೇಳ್ರ್ ಮಗಾ, ಮರ್ತ್ ಹೋಪುದ್ ಶುರು ಆಯ್ತ್ ಅಂಬ್ರ್. ನಿಧಾನಕ್ಕೆ ಎಲ್ಲ ಹೋತ್ತ್ ಅಂಬ್ರ್. ಅಷ್ಟ್ರೊಳ್ಗ್ ನಂಗ್ ಇಟಲಿ ಕಾಣ್ಕ್. ನೀ ಬತ್ಯಾ?"

ಬರುತ್ತೇನೆ ಎಂದೆ. ಅದರಲ್ಲಿ ಧೈರ್ಯ ಏನೂ ಇರಲಿಲ್ಲ. ಇಲ್ಲ ಎನ್ನಲು ಹೆದರಿ ಹೂಂ ಎಂದದ್ದು. ಅವರು ಹೋದ ಮೇಲೆ ಗಾಜಿನ ಮೇಲಿನ ಒದ್ದೆ ಅಂಗೈ ಗುರುತು ಆರುವ ತನಕ ನೋಡುತ್ತ ಕೂತೆ. ಭಾಷೆ ಬಾರದ ಊರಲ್ಲಿ ಇವರು ಕೈ ತಪ್ಪಿ ಹೋದರೆ ಯಾರನ್ನು ಕೇಳುವುದು? ತಮ್ಮ ಹೆಸರೇ ಆ ಹೊತ್ತಿಗೆ ಅವರಿಗೆ ನೆನಪಾಗದಿದ್ದರೆ?

ಡಾಕ್ಟರು ಒಂದೇ ಮಾತು ಹೇಳಿದ್ದರಂತೆ. ದಿನಕ್ಕೊಂದು ಊರು, ದಿನಕ್ಕೊಂದು ಕೋಣೆ ಬೇಡ. ಮಲಗುವ ಹಾಸಿಗೆ, ಬಚ್ಚಲ ಬಾಗಿಲು ದಿನವೂ ಅಲ್ಲೇ ಇರಬೇಕು. ಹಾಗಾಗಿ ಒಂದೇ ಊರಲ್ಲಿ ಉಳಿದು, ಅಲ್ಲಿಂದಲೇ ಹೋಗಿ ಬಂದು ಮಾಡುವುದು ಎಂದಾಯಿತು. ಯಾವ ಊರು? ನೋಡಿ ನೋಡಿ ಎರಡು ಉಳಿದವು, ವೆನಿಸ್ ಮತ್ತು ಬೊಲೊನ್ಯಾ.

ಸಾಲಿಗ್ರಾಮದ ಆ ಮನೆಯಲ್ಲಿ ಮೊಬೈಲು ಹಿಡಿದು ನಾವಿಬ್ಬರು ವಾರಗಟ್ಟಲೆ ಚರ್ಚೆ ಮಾಡಿದೆವು. ಬೇರೆಯವರು ಊಟ, ಅರಮನೆ, ಚಿತ್ರ ಎಂದು ಊರು ಆರಿಸಿದರೆ ನಾವು ಆರಿಸಿದ್ದು ಯಾವ ಹೆದರಿಕೆ ಕಡಿಮೆ ಎಂದು. "ವೆನಿಸಿನಗೆ ಲಾರಿ ಇಲ್ಲೆ, ಬಸ್ಸಿಲ್ಲೆ, ಬೈಕಿಲ್ಲೆ. ನನ್ ಮೇಲ್ ಹತ್ತುಕ್ ಒಂದೂ ಇಲ್ಲೆ" ಎಂದು ಟೀಚರ್.

"ನೀರಿಗ್ ಬಿದ್ರೆ ಎಂತ ಮಾಡುದ್ ಟೀಚ್ರೇ? ಆ ಓಣಿಯಲ್ಲಿ ನಂಗೇ ದಾರಿ ತಪ್ಪುತ್ತ್."

"ಅದೂ ಹೌದ್" ಎಂದು ಸೀರೆಗೆ ಕೈ ಒರೆಸಿಕೊಳ್ಳುವರು. ಬೊಲೊನ್ಯಾದಲ್ಲಿ ವಾಹನ ಇದೆ. ಆದರೆ ಅಲ್ಲಿ ಬೀದಿಯುದ್ದಕ್ಕೂ ಮನೆಗಳ ಮುಂದೆ ಮಾಡು ಇರುವ ಜಗಲಿ, ಕಂಬದ ಸಾಲು. ಮಳೆ ಬಂದರೂ ಕೊಡೆ ಬೇಡ, ಒಂದು ಜಗಲಿಯಿಂದ ಇನ್ನೊಂದಕ್ಕೆ ನಡೆಯುತ್ತಲೇ ಹೋಗಬಹುದು. ಟೀಚರ ತಂಗಿ ಒಳಗಿನಿಂದ, "ಇಬ್ರ್ ಮಂಡೆಯೂ ಸಮ ಇಲ್ಲೆ. ಕೊಲ್ಲೂರಿಗ್ ಹೋಯ್ ಬಂದ್ರ್ ಸಾಲ್ದಾ?" ಎನ್ನುತ್ತಿದ್ದರು.

ಕೊನೆಗೆ ಟೀಚರೇ ತಮ್ಮ ಹಳೆಯ ಉಪಾಯ ತೆಗೆದರು. ಮೊದಲು ಹೋಗಿ ಜಾಗ ನೋಡಿ ಬರುವುದು. ವೆನಿಸಿಗೆ ಹೋಗಿ ನೋಡಿ ಬರುವುದು ಹೇಗೆ? ಅವರು ಹೇಳಿದರು, "ಹಂಗಾರಕಟ್ಟೆ ಇತ್ತಲೆ!"

ಹಂಗಾರಕಟ್ಟೆಯಿಂದ ಬಾರ್ಜಿನಲ್ಲಿ ಹೊಳೆ ದಾಟಿದರೆ ಕೋಡಿಬೆಂಗ್ರೆ. ಒಂದು ಬದಿ ಹೊಳೆ, ಒಂದು ಬದಿ ಕಡಲು, ನಡುವೆ ಸಪೂರ ನೆಲ, ಮನೆಗಳು, ಓಣಿಗಳು. ಬಾರ್ಜಿನಲ್ಲಿ ಟೀಚರ್ ನನ್ನ ರಟ್ಟೆ ಹಿಡಿದ ಹಿಡಿತಕ್ಕೆ ಕೆಂಪು ಗೆರೆ ಎದ್ದಿತು. ಇಳಿದ ಮೇಲೆ ಮಾತ್ರ, "ನೀ ಇಲ್ಲೇ ಕೂಕೊ. ನಾ ಒಬ್ಳೇ ಆ ಓಣಿ ಸುತ್ತ್ ಹಾಕಿ ಬತ್ತೆ. ಆತ್ತಾ ಕಾಂಬ" ಎಂದು ಹೊರಟರು. ತಡೆಯಬೇಕಿತ್ತು ಎನಿಸಿತು. ಆದರೆ ಪರೀಕ್ಷೆ ಎಂದರೆ ಅದೇ ತಾನೇ.

ಕೂತೆ. ಬಾರ್ಜು ಆಚೆ ಹೋಗಿ ಜನ ತುಂಬಿಕೊಂಡು ಈಚೆ ಬಂತು. ಟೀಚರ್ ಬರಲಿಲ್ಲ. ಮತ್ತೆ ಹೋಗಿ ಮತ್ತೆ ಬಂತು. ಎದ್ದು ಓಡಿದೆ. ಎಲ್ಲ ಓಣಿಗಳೂ ಒಂದೇ ಥರ ಕಂಡವು. ಯಾವ ಓಣಿಯ ತುದಿಗೆ ಹೋದರೂ ನೀರು. ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬಳನ್ನು ಕೇಳಿದೆ, "ಒಬ್ರ್ ಟೀಚ್ರ್ ಹೋದ್ದ್ ಕಂಡ್ರ್ಯಾ?" ಅವಳು ಹೊಳೆಯ ಕಡೆ ಕೈ ತೋರಿಸಿ, "ಅಲ್ಲೊಬ್ರ್ ನೀರಿಗ್ ಇಳ್ದ್ ನಿಂತಿದ್ರ್ ಕಾಣಿ" ಎಂದಳು. ಅತ್ತ ಓಡಿದೆ.

ಹೊಳೆಗೆ ಇಳಿಯುವ ಮೆಟ್ಟಿಲ ಮೇಲೆ ಟೀಚರ್ ನಿಂತಿದ್ದರು. ನೀರು ಏರುವ ಹೊತ್ತು, ಸೀರೆಯ ನೆರಿಗೆ ತೇಲುತ್ತಿತ್ತು. ಬೆರಳು ಗಾಳಿಯಲ್ಲಿ ಆಡುತ್ತಿತ್ತು. ಎಣಿಸುತ್ತಿದ್ದರು. ನಾನು ಹತ್ತಿರ ಹೋದಾಗ ಯಾರೋ ಅಪರಿಚಿತರನ್ನು ನೋಡುವ ಹಾಗೆ ನೋಡಿ, "ಒಂದ್ ಮಗು ಕಮ್ಮಿ ಇತ್ತ್ ಕಾಣಿ. ಎಷ್ಟ್ ಎಣ್ಸಿರೂ ಒಂದ್ ಮಗು ಕಮ್ಮಿ. ನೀವ್ ಎಲ್ಲಾದ್ರೂ ಕಂಡ್ರ್ಯಾ?" ಎಂದರು. ನನ್ನನ್ನು ಅವರು ಬಹುವಚನದಲ್ಲಿ ಮಾತನಾಡಿಸಿದ್ದು ಅದೇ ಮೊದಲು. ಅವರ ಕಣ್ಣಲ್ಲಿದ್ದಂಥ ಭಯವನ್ನು ನಾನು ಅದುವರೆಗೆ ನೋಡಿರಲಿಲ್ಲ. ಕೈ ಹಿಡಿದು, "ಸಿಕ್ತ್ ಟೀಚ್ರೇ, ಬನ್ನಿ" ಎಂದೆ. ಬಂದರು.

ವಾಪಸು ಬಾರ್ಜಿನಲ್ಲಿ ಅವರಿಗೆ ನನ್ನ ಗುರುತು ಬಂತು. ಒದ್ದೆ ನೆರಿಗೆ ಹಿಂಡುತ್ತ, "ನಾ ಎಂತಾರೂ ಹೇಳ್ದ್ನಾ?" ಎಂದು ಕೇಳಿದರು. ಇಲ್ಲ ಎಂದೆ. "ನಿನ್ ಮೋರೆ ಕಂಡ್ರ್ ಗೊತ್ತಾತ್ತ್" ಎಂದರು. ಹೊಳೆ ದಾಟಿದ ಮೇಲೆ ಹೇಳಿದರು, "ಉಳ್ಕಂಬುಕೆ ವೆನಿಸ್ ಬ್ಯಾಡ."

ಬೊಲೊನ್ಯಾದ ಪರೀಕ್ಷೆ ನಮ್ಮ ಶಾಲೆಯ ಜಗಲಿಯಲ್ಲಿ ಆಯಿತು, ರಜೆಯ ದಿನ. ಟೀಚರ್ ಕಂಬ ಮುಟ್ಟುತ್ತ ಆ ತುದಿಗೆ ಹೋದರು, ಮೂಲೆ ತಿರುಗಿ ಕಾಣದಾದರು. ನಾನು ಈ ತುದಿಯಲ್ಲೇ ನಿಂತೆ. ಕಂಬ ಮುಟ್ಟುತ್ತಲೇ ತಿರುಗಿ ಬಂದರು. ಮತ್ತೊಮ್ಮೆ ಹೋದರು, ಮತ್ತೆ ಬಂದರು. ಊರು ನಿಶ್ಚಯವಾಯಿತು.

ಆದರೆ ನನಗೆ ನಿದ್ದೆ ಇಲ್ಲ. ಹೊರಡುವ ದಿನ ಹತ್ತಿರ ಬಂದಾಗ ತಡೆಯಲಾರದೆ ಹೇಳಿಬಿಟ್ಟೆ, "ಟೀಚ್ರೇ, ಬ್ಯಾಡ. ನಂಗ್ ಹೆದ್ರಿಕಿ ಆತ್ತ್."

"ನಂಗ್ ಆತಿಲ್ಯಾ?" ಎಂದರು ಸಿಟ್ಟಿನಲ್ಲಿ. "ಹುಟ್ಟಿದ್ ಲಾಗಾಯ್ತ್ ಹೆದ್ರಿದವಳ್ ನಾನ್. ಹೆದ್ರಿಕಿ ಹೋಯ್ಲಿ ಅಂದೇಳಿ ಕಾದಿದ್ರೆ ನಿಮ್ಮನ್ ತ್ರಾಸಿಗೂ ಕರ್ಕಂಡ್ ಹೋತಿರ್ಲಿಲ್ಲ." ಆಮೇಲೆ ಗೋಡೆ ಕಪಾಟಿನಿಂದ ಹುರಿಹಗ್ಗದ ತುಂಡೊಂದನ್ನು ತೆಗೆದು ನನ್ನ ಕೈಗೆ ಹಾಕಿದರು. ಎರಡೇ ಗಂಟು ಇತ್ತು. "ಇದನ್ನ ನಿನ್ ಬ್ಯಾಗಿಗ್ ಹಾಕ್. ನಾ ಮರ್ತ್ ಹೋತೆ."

ಬೊಲೊನ್ಯಾದಲ್ಲಿ ದಿನವೂ ಬೆಳಿಗ್ಗೆ ಅವರು ಕಂಬ ಮುಟ್ಟುತ್ತ ಬೀದಿಯ ತುದಿಯವರೆಗೆ ನಡೆದು ಬರುತ್ತಿದ್ದರು. ನಾನು ಕಾಣದ ಹಾಗೆ ಹಿಂದೆ. ಒಂದೊಂದು ಕಂಬದ ಮೇಲೂ ಒದ್ದೆ ಅಂಗೈ, ಅದು ಆರುವ ಮುಂಚೆ ನಾನು ಅಲ್ಲಿಗೆ ತಲುಪಬೇಕು ಎಂಬ ಲೆಕ್ಕ ನನ್ನದು. ಯಾರಾದರೂ ಅಡ್ಡ ಬಂದು ಅವರು ಮರೆಯಾದರೆ ನಾನು ಓಡಿ ಹತ್ತಿರವಾಗುತ್ತಿದ್ದೆ. ಒಂದು ದಿನ ಹಿಂತಿರುಗಿ ನೋಡದೆಯೇ ಹೇಳಿದರು, "ಹಿಂದ್ ಹಿಂದ್ ಬಪ್ಪುದ್ ಎಂತಕ್ಕೆ? ಬದಿಯಂಗೆ ಬಾ."

ವೆನಿಸಿಗೂ ಹೋದೆವು. ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆಗೆ ಕೋಣೆಗೆ ವಾಪಸು. ನಿಲ್ದಾಣದಿಂದ ಹೊರಗೆ ಬಂದ ಕೂಡಲೇ ನೀರು, ನೀರಿಗೆ ಇಳಿಯುವ ಅಗಲ ಮೆಟ್ಟಿಲು. ಟೀಚರ್ ಅಲ್ಲಿಂದ ಮುಂದೆ ಒಂದು ಹೆಜ್ಜೆ ಇಡಲಿಲ್ಲ. ಮೇಲಿನ ಮೆಟ್ಟಿಲಲ್ಲಿ ಕೂತರು. ಹಗ್ಗದ ಒಂದು ಗಂಟು ಅವರ ಮುಷ್ಟಿಯಲ್ಲಿ, ಇನ್ನೊಂದು ನನ್ನದರಲ್ಲಿ. ದೋಣಿಗಳು ಬಂದವು, ಹೋದವು. ಅವರ ಮೈ ನಡುಗುವುದು ಹಗ್ಗದಲ್ಲಿ ನನಗೆ ತಿಳಿಯುತ್ತಿತ್ತು. ಬಹಳ ಹೊತ್ತಿನ ಮೇಲೆ, "ಸಾಕ್. ಕಂಡೆ" ಎಂದರು. ಅಷ್ಟು ಸಂತೋಷದ ಮುಖವನ್ನು ಅವರಲ್ಲಿ ನಾನು ಬೇರೆ ಯಾವತ್ತೂ ನೋಡಲಿಲ್ಲ.

ಈ ವರ್ಷ ಮಳೆಗಾಲದ ಮೊದಲಲ್ಲಿ ಟೀಚರ್ ತೀರಿಕೊಂಡರು. ಅದಕ್ಕೂ ಕೆಲವು ದಿನ ಮೊದಲು ಹೋಗಿದ್ದೆ. ಇಟಲಿ ಅವರಲ್ಲಿ ಉಳಿದಿರಲಿಲ್ಲ, ನಾನೂ ಉಳಿದಿರಲಿಲ್ಲ. ಮಲಗಿದಲ್ಲೇ ಬೆರಳು ಎತ್ತಿ ಎಣಿಸುತ್ತಿದ್ದರು. "ಒಂದ್ ಮಗು ಕಮ್ಮಿ" ಎಂದರು. ಪಕ್ಕದಲ್ಲಿ ಕೂತು ಕೈ ಹಿಡಿದು, "ನಾ ಇಲ್ಲಿದ್ದೆ ಟೀಚ್ರೇ" ಎಂದೆ. ಬೆರಳಿನಿಂದ ನನ್ನನ್ನೂ ಎಣಿಸಿದರು. "ಹಾಂ, ಸಮ ಆಯ್ತ್" ಎಂದು ಕಣ್ಣು ಮುಚ್ಚಿ ಮಲಗಿದರು.

ಅಷ್ಟರಲ್ಲಿ ಹೆಂಚು ಅದುರುವ ಹಾಗೆ ಗುಡುಗಿತು. ನಾನು ಬೆಚ್ಚಿ ಅವರ ಮುಖ ನೋಡಿದೆ. ಟೀಚರ್ ಮಿಸುಕಲಿಲ್ಲ. ನನ್ನ ಕೈಯೊಳಗಿನ ಅವರ ಅಂಗೈ ಒಣಗಿ ಬೆಚ್ಚಗಿತ್ತು. ಹೆದರುವುದನ್ನೂ ಅವರು ಮರೆತಿದ್ದಾರೆ ಎಂದು ತಿಳಿದ ಕ್ಷಣ ನನಗಾದಷ್ಟು ಹೆದರಿಕೆ ಕೋಡಿಬೆಂಗ್ರೆಯಲ್ಲೂ ಆಗಿರಲಿಲ್ಲ. ಮತ್ತೆ ಗುಡುಗಿತು. ನನ್ನ ಬಾಯಿ ತಾನಾಗಿ ಮಗ್ಗಿ ಹೇಳತೊಡಗಿತು. ಒದ್ದೆಯಾಗಿದ್ದದ್ದು ಈಗ ನನ್ನ ಕೈ. ಬಿಡದೆ ಹಿಡಿದುಕೊಂಡೇ ಕೂತೆ.