ಹಲಗೆಯ ಮೇಲಿನ ಐದು

ಕನಕಪುರದ ಕಾಲೇಜಿನಲ್ಲಿ ನಮ್ಮ ರಸಾಯನಶಾಸ್ತ್ರದ ಮೇಷ್ಟ್ರು ಮಾಡಿದ ತಪ್ಪಿಗೆ ಫೇಲಾದವಳು ಸಾತನೂರಿನಿಂದ ಬರುತ್ತಿದ್ದ ನನ್ನ ಸಹಪಾಠಿ.

ಮೈಲುತುತ್ತದ ಹರಳಿನಲ್ಲಿ ಒಂದು ಅಣುವಿಗೆ ನೀರಿನ ಅಣುಗಳು ಎಷ್ಟಿವೆಯೆಂದು ಕಾಯಿಸಿ, ತೂಗಿ ಕಂಡುಹಿಡಿಯುವ ಪ್ರಯೋಗವದು. ಬರ್ನರ್ ಹಚ್ಚುವ ಮೊದಲೇ ಮೇಷ್ಟ್ರು ಅಂಗೈಯಿಂದ ಹಲಗೆ ಒರೆಸಿ, 'ಐದು' ಎಂದು ಬರೆದು, ಬೆರಳಿನ ಸೀಮೆಸುಣ್ಣದ ಪುಡಿಯನ್ನು ಊದಿಕೊಳ್ಳುತ್ತಿದ್ದರು.

"ಉತ್ತರ ಐತೆ, ತೂಕ ಹೊಂದಿಸ್ಕಳಿ."

ಪರೀಕ್ಷೆಯ ದಿನವೂ ಇದೇ ಪೂಜೆ ನಡೆಯಿತು. ನಾವೆಲ್ಲ ಐದರಿಂದ ಹಿಂದಕ್ಕೆ ಲೆಕ್ಕ ಹಾಕಿ ತೂಕಗಳನ್ನು ಹುಟ್ಟಿಸಿದೆವು. ಆಕೆ ಮಾತ್ರ ನೀಲಿ ಪುಡಿ ಬೆಳ್ಳಗಾಗಿ, ತೂಕ ಇಳಿಯುವುದು ನಿಲ್ಲುವವರೆಗೂ ಮತ್ತೆ ಮತ್ತೆ ಕಾಯಿಸಿದಳು. ಬಂದದ್ದು ನಾಲ್ಕು.

"ಸಾರ್, ಬಾಟ್ಲಿ ಮುಚ್ಳ ಒಡೆದು ವರ್ಸ ಆಯ್ತು. ಮೇಲೆಲ್ಲ ಮೊದ್ಲೇ ಬೆಳ್ಳಗಾಗೈತೆ, ಒಸಿ ನೀರು ಆರೋಗೈತೆ."

"ಪುಸ್ತಕಕ್ಕಿಂತ ನಿನ್ ತಕ್ಕಡಿ ದೊಡ್ಡದೇನಮ್ಮ? ಉತ್ತರ ಐತೆ, ತೂಕ ಹೊಂದಿಸ್ಕೊ."

ಆಕೆ ಹೊಂದಿಸಲಿಲ್ಲ. ಮೇಷ್ಟ್ರು ಸೊನ್ನೆ ಕೊಟ್ಟರು. ಆಕೆಗೆ ಒಂದು ವರ್ಷ ಹೋಯಿತು. ಬರ್ನರ್ ಹಚ್ಚದ ನನಗೆ ಪೂರ್ಣ ಅಂಕಗಳು, ಜೊತೆಗೆ ಮೆಚ್ಚುಗೆ: "ನೋಡ್ರಪ್ಪ, ಇವನ್ದು ಎಷ್ಟ್ ಕರೆಕ್ಟಾಗೈತೆ!"

ಕಾಲೇಜಿನ ಆಡಳಿತ ಮಂಡಳಿಯವರೇ, ಆ ಬಾಟಲಿಗೆ ಮುಚ್ಚಳ ಹಾಕಿಸಿ. ಆಕೆಯ ಸೊನ್ನೆಯನ್ನು ಹೊಡೆದುಹಾಕಿ, ನನಗೆ ಕೊಟ್ಟ ಅಂಕಗಳನ್ನು ಆಕೆಯ ಹೆಸರಿಗೆ ಬರೆಯಿರಿ.