ನೂರ ಎಂಬತ್ತೆಂಟನೆಯ ಸದಸ್ಯ ಕೊಡಗಿಗೆ ಬಂದದ್ದು

ಚೆಟ್ಟಳ್ಳಿಯ ಕಾಫಿ ತೋಟದಲ್ಲಿ ನಾನು ಹಾಜರಿ ಕರೆದ ಮೊದಲ ಬೆಳಗ್ಗೆ, ಮಂಜಿನೊಳಗೆ ನೂರಕ್ಕೂ ಹೆಚ್ಚು ಜನ ನಿಂತಿದ್ದರು. ಒಬ್ಬರೂ ಹೆಸರು ಹೇಳಲಿಲ್ಲ. ಕಂಬಳಿ ಹೊದ್ದ ಮುದುಕಿಯೊಬ್ಬಳು ಮುಂದೆ ಬಂದು, ಸೆರಗಿನ ಗಂಟು ಬಿಚ್ಚಿ, ಹಿತ್ತಾಳೆಯ ಬಿಲ್ಲೆಯೊಂದನ್ನು ನನ್ನ ಮೂಗಿನ ಹತ್ತಿರ ಹಿಡಿದಳು.

"ನಲವತ್ತೇಳು."

"ಹೆಸರೇನಮ್ಮ?"

"ಹೆಸರು ಎಂಥಕ್ಕೆ ರೈಟ್ರೇ? ನಲವತ್ತೇಳು ಅಂತ ಬರ್ಕೊಳ್ಳಿ, ಸಾಕು."

ಹಿಂದೆ ನಿಂತವರು ನಕ್ಕರು. ನಾನು ಹಟ ಬಿಡದೆ ಕೇಳಿ ದೇಯಿ ಎಂಬ ಹೆಸರನ್ನು ಅವಳ ಬಾಯಿಂದ ಹೊರಡಿಸುವ ಹೊತ್ತಿಗೆ ಬಿಸಿಲು ಬಂದಿತ್ತು, ಮೇಸ್ತ್ರಿ ಹಲ್ಲು ಕಡಿಯುತ್ತಿದ್ದ. ನಮ್ಮೂರು ಕಾರವಾರದಲ್ಲಿ ಕುಳಿತು ಇದನ್ನು ಓದುವ ನಿಮಗೆ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ರೈಟರ್ ಎಂದರೆ ಸಾಹಿತಿಯಲ್ಲ, ತೋಟದ ಗುಮಾಸ್ತ. ಮೇಸ್ತ್ರಿ ಎಂದರೆ ಆಳುಗಳನ್ನು ಊರಿಂದ ಕರೆತಂದು ಕೆಲಸಕ್ಕೆ ಹಚ್ಚುವವನು. ತೋಟದ ಕಾಗದಗಳಲ್ಲಿ ನಾನು ದೊಡ್ಡವನು, ತೋಟದಲ್ಲಿ ಅವನು.

ಆದರೆ ನಾನೂ ಒಂದು ಪುಸ್ತಕ ಬರೆದವನೇ. ಮಾಜಾಳಿಯ ಗಡಿ ದಾಟಿ ಮಡಗಾಂವಿಗೆ ಹೋದಾಗ ನನಗೆ ಹತ್ತೊಂಬತ್ತು ವರ್ಷ. ಹಗಲು ಹೆಂಚಿನ ವ್ಯಾಪಾರಿಯ ಕಚೇರಿ, ಸಂಜೆ ಫುಟ್‌ಬಾಲ್ ಕ್ಲಬ್ಬು. ಲಿಸ್ಬನ್ನಿನ ಕ್ಲಬ್ಬೊಂದರ ಗೋವೆಯ ಶಾಖೆ ಅದು. ಲಿಸ್ಬನ್ನಿನ ಹಡಗುಕಟ್ಟೆಯಲ್ಲಿ ಪೀಪಾಯಿ ಮಾಡುತ್ತಿದ್ದ ಬಡಗಿಗಳು, ಸಮುದ್ರದಡಿ ತಂತಿ ಎಳೆಯಲು ಬಂದ ಇಂಗ್ಲಿಷರ ಆಟ ನೋಡಿ ಕಲಿತು ಕಟ್ಟಿದ ಕ್ಲಬ್ಬು. ಮೊದಲ ಮೈದಾನ ಒಣಮೀನು ಹರಡುವ ಬಯಲಾಗಿತ್ತಂತೆ. ಗೆದ್ದವರೂ ಸೋತವರೂ ಒಂದೇ ವಾಸನೆ ಹೊತ್ತು ಮನೆಗೆ ಹೋಗುತ್ತಿದ್ದರಂತೆ. ಇಂಥವನ್ನೆಲ್ಲ ಹಳೆಯ ಪತ್ರಗಳಿಂದ ಹೆಕ್ಕಿ, ಕಲಿತ ಪೋರ್ಚುಗೀಸಿನಲ್ಲಿ ನಾಲ್ಕು ವರ್ಷ ಕೂತು ಕ್ಲಬ್ಬಿನ ಚರಿತ್ರೆ ಬರೆದೆ. ಅದಕ್ಕೆ ಪ್ರತಿಯಾಗಿ ನನ್ನನ್ನು 'ಸೋಸಿಯು' ಮಾಡಿಕೊಂಡರು. ಸೋಸಿಯು ಎಂದರೆ ಸದಸ್ಯ.

ಈ ಸದಸ್ಯರಿಗೆ ಸಂಖ್ಯೆ ಇರುತ್ತದೆ. ಹಳಬ ಒಂದನೆಯವನು, ಹೊಸಬ ಕೊನೆಯವನು. ಕೆಲವು ವರ್ಷಗಳಿಗೊಮ್ಮೆ ಸತ್ತವರ, ಬಿಟ್ಟವರ ಹೆಸರು ಹೊಡೆದುಹಾಕಿ ಎಲ್ಲರಿಗೂ ಹೊಸ ಸಂಖ್ಯೆ ಕೊಡುತ್ತಾರೆ. ಹಿಂದಿದ್ದವರು ಮುಂದೆ ಬರುತ್ತಾರೆ. ಮುದುಕರು ಸಹಿಯ ಕೆಳಗೆ ತಮ್ಮ ಸಂಖ್ಯೆಯನ್ನು ಬಿರುದಿನ ಹಾಗೆ ಬರೆಯುತ್ತಾರೆ. ನಾನು ಏರುತ್ತ ಏರುತ್ತ ನೂರ ಎಂಬತ್ತೆಂಟಕ್ಕೆ ಬಂದಿದ್ದೆ. ನಗಬೇಡಿ. ಕಾರವಾರದಲ್ಲಿ ನನ್ನನ್ನು ಯಾವ ಪಟ್ಟಿಯಲ್ಲಿ ಯಾರು ಸೇರಿಸಿಕೊಂಡಿದ್ದರು?

ಗೋವೆಯ ವಿಷಯಕ್ಕೆ ದೆಹಲಿಗೂ ಲಿಸ್ಬನ್ನಿಗೂ ಮುನಿಸು ಬಲಿತಾಗ, ಅಲ್ಲಿ ನಾನು ಇದ್ದಕ್ಕಿದ್ದಂತೆ ಇಂಡಿಯಾದವನಾದೆ. ಗಡಿ ಮುಚ್ಚುವ ಮೊದಲು ಒಂದು ಟ್ರಂಕಿನೊಂದಿಗೆ ಹೊರಬಿದ್ದೆ. ಮಂಗಳೂರಿನ ಪರಿಚಯದವರೊಬ್ಬರು ಇಲ್ಲಿ ಕೆಲಸ ಕೊಡಿಸಿದರು.

ಕೊಡಗು ಚಂದವಿದೆ ಎಂದು ನೋಡಿ ಹೋದವರು ನಿಮಗೆ ಹೇಳಿರಬಹುದು. ಅವರು ಮಳೆಗಾಲದಲ್ಲಿ ರೈಟರ್ ಮನೆಯಲ್ಲಿ ಮಲಗಿದವರಲ್ಲ. ಪೆಟ್ಟಿಗೆಯೊಳಗಿನ ಕೋಟಿಗೂ ಬೂಷ್ಟು ಬಂತು. ಜಿಗಣೆಗಳಿಗೆ ನನ್ನ ಕಡಲ ತೀರದ ರಕ್ತ ರುಚಿಸಿತು. ಅಲ್ಲಿ ಬಾಗಿಲಿಗೆ ಬರುತ್ತಿದ್ದ ಬಂಗಡೆ, ಇಲ್ಲಿ ಲಾರಿಯಲ್ಲಿ ಘಟ್ಟ ಹತ್ತಿ ಮಡಿಕೇರಿ ಮುಟ್ಟುವಾಗ ಕಣ್ಣು ಕೆಂಪಾಗಿರುತ್ತದೆ. ತಂದು ತಿಂದು, ಎರಡು ದಿನ ಹೊಟ್ಟೆ ಹಿಡಿದುಕೊಂಡೆ. ಆಳುಗಳ ಸಾಲಿನ ಒಂದು ತುದಿಯಲ್ಲಿ ತುಳು, ಇನ್ನೊಂದರಲ್ಲಿ ಮಲಯಾಳ, ನಡುವೆ ತಮಿಳು, ತೋಟದ ಒಡೆಯರಾದ ಸಾಹುಕಾರರ ಮನೆಯಲ್ಲಿ ಕೊಡವ ತಕ್ಕ್. ಎಲ್ಲರೂ ಒಬ್ಬರಿಗೊಬ್ಬರು ಹೇಗೋ ಕನ್ನಡದಲ್ಲಿ ದಾರಿ ಮಾಡಿಕೊಳ್ಳುತ್ತಾರೆ. ನನ್ನ ಕನ್ನಡ ಕೇಳಿದರೆ ಮಾತ್ರ ಅವರಿಗೆ ನಗು ಬರುತ್ತದೆ. ಅಕ್ಕಿರೊಟ್ಟಿ ತಟ್ಟುವುದನ್ನು ಕಲಿತದ್ದೊಂದೇ ನನ್ನ ಗೆಲುವು.

ಚರಿತ್ರೆ ಬರೆದ ಸಂಗತಿಯನ್ನು ಸಾಹುಕಾರರಿಗೆ ಒಮ್ಮೆ ಹೆಮ್ಮೆಯಿಂದ ಹೇಳಿಕೊಂಡೆ. ಹಾಕಿ ಆಡಿ ಮೊಣಕಾಲು ಕೆಡಿಸಿಕೊಂಡ ಮನುಷ್ಯ ಅವರು.

"ಕೋಲಿಲ್ಲದೆ ಎಂಥ ಆಟ ಮಾರಾಯ್ರೇ ಅದು? ಕೋಳಿ ಓಡಿಸಿದ ಹಾಗೆ!" ಎಂದರು.

ಆಮೇಲೆ ನಾನು ಕ್ಲಬ್ಬಿನ ಮಾತೆತ್ತಲಿಲ್ಲ. ಎತ್ತದೆ ಉಳಿದದ್ದು ಒಳಗೇ ಹುಳಿಯಿತು. ಹೊಸ ವರ್ಷಕ್ಕೆ ಹೊಸ ಹಾಜರಿ ಪುಸ್ತಕಕ್ಕೆ ಗೆರೆ ಹಾಕಲು ಕುಳಿತಾಗ ಅದು ಹೊರಗೆ ಬಂತು. ಹಳೆಯ ಪುಸ್ತಕದಲ್ಲಿ ಒಂದನೆಯ ಸಂಖ್ಯೆ ಮೇಸ್ತ್ರಿಯ ತಮ್ಮನದು. ಬಂದು ಮೂರು ವರ್ಷವೂ ಆಗದವನು. ನಲವತ್ತು ವರ್ಷಕ್ಕೂ ಮಿಕ್ಕಿ ದುಡಿದ ದೇಯಿ ನಲವತ್ತೇಳು. ಇದು ಯಾವ ನ್ಯಾಯ ಎಂದುಕೊಂಡು, ಯಾರನ್ನೂ ಕೇಳದೆ, ಕ್ಲಬ್ಬಿನಲ್ಲಿ ಮಾಡುತ್ತಿದ್ದ ಹಾಗೆಯೇ ಹಳಬರನ್ನು ಮೊದಲಿಟ್ಟು ಎಲ್ಲರಿಗೂ ಹೊಸ ಸಂಖ್ಯೆ ಬರೆದೆ. ಬೆಳಗ್ಗೆ ಎದೆಯುಬ್ಬಿಸಿ ಓದಿದೆ.

"ಒಂದು, ದೇಯಿ!"

ದೇಯಿ ಬಿಲ್ಲೆಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿದು ಹಿಂದೆ ಸರಿದಳು. ಅವಳು ಅಳುತ್ತಿದ್ದಾಳೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ನಲವತ್ತೇಳು ನನ್ನ ಅಮ್ಮನದ್ದು ರೈಟ್ರೇ. ಬಿಳಿ ದೊರೆ ಕೊಟ್ಟದ್ದು. ಅವಳು ತೀರಿದ ಮೇಲೆ ನಂಗೆ ಬಂತು. ನನ್ನ ಮೇಲೆ ಮಗಳಿಗೆ ಅಂತ ಇಟ್ಕೊಂಡಿದ್ದೆ. ಲೈನ್ ಮನೆಯೂ ಅದ್ರ ಮೇಲೆಯೇ ಉಂಟಲ್ಲ!"

ಆಳುಗಳ ಸಾಲುಮನೆಗೆ ಇಲ್ಲಿ ಲೈನ್ ಎನ್ನುತ್ತಾರೆ. ಬಿಲ್ಲೆಯ ಸಂಖ್ಯೆಯೇ ಕೋಣೆಯ ಸಂಖ್ಯೆ. ಇಷ್ಟು ದಿನ ಅದರ ಎದುರು ಓಡಾಡಿದ ನನಗೆ ಅದು ಹೊಳೆದಿರಲಿಲ್ಲ.

"ನೀನು ಎಲ್ಲರಿಗಿಂತ ಹಳಬಳು. ಒಂದು ಅಂದರೆ ಮರ್ಯಾದೆ ಅಲ್ಲವೇನಮ್ಮ?" ಎಂದೆ.

"ಹಳಬರೆಲ್ಲ ಸತ್ತದ್ದಕ್ಕೆ ನಂಗೆ ಮರ್ಯಾದೆಯಾ? ಅದೆಂಥ ಊರು ರೈಟ್ರೇ ನಿಮ್ದು?"

ನಾನು ತಲೆ ಬಗ್ಗಿಸಿ ಎರಡನೆಯ ಹೆಸರು ಓದಿದೆ.

ಕಾಫಿ ಹಣ್ಣು ಕೊಯ್ಯುವ ಕಾಲ. ಚೀಲಗಳ ಮೇಲೆ ಹಳೆಯ ಸಂಖ್ಯೆ, ಪುಸ್ತಕದಲ್ಲಿ ಹೊಸದು; ಮಧ್ಯಾಹ್ನದ ಹೊತ್ತಿಗೆ ಯಾರ ಚೀಲ ಯಾರದೆಂದು ತಿಳಿಯದೆ ಜಗಳ ಹತ್ತಿತು. ಸಾಹುಕಾರರು ಬಂದು ಹೊಸ ಪುಸ್ತಕವನ್ನು ಮುಚ್ಚಿಸಿ, ಹಳೆಯದನ್ನೇ ಮುಂದುವರಿಸಲು ಹೇಳಿದರು. ಎಲ್ಲರಿಗೂ ಅವರವರ ಸಂಖ್ಯೆ ಮರಳಿತು, ಒಬ್ಬಳನ್ನು ಬಿಟ್ಟು. ತನ್ನ ತಮ್ಮನನ್ನು ಕೆಳಗಿಳಿಸಿದ ಸಿಟ್ಟಿಗೆ ಮೇಸ್ತ್ರಿ, ದೇಯಿ ಒಂದಕ್ಕೆ ಏರಿದ ಮೇಲೆ ಅವಳ ಸಂಖ್ಯೆ ಖಾಲಿಯಾಯಿತಲ್ಲ ಎಂಬ ನೆಪ ಹಿಡಿದು, ಅಷ್ಟರಲ್ಲಿ ನಲವತ್ತೇಳರ ಬಿಲ್ಲೆಯನ್ನು ಕಸಿದು ತನ್ನ ಕಡೆಯ ಒಂದು ಸಂಸಾರಕ್ಕೆ ಕೊಟ್ಟಿದ್ದ. ಕೋಣೆಯೊಳಗೆ ಅವರ ಪಾತ್ರೆಗಳೂ ಬಂದಿದ್ದವು.

ಅವಳ ಕೋಣೆ ಅವಳಿಗೇ ಕೊಡಿಸಿ ಎಂದು ಬೇಡಿದೆ, ನಾನು ಸಾಹುಕಾರರ ಕಾಲು ಹಿಡಿಯುವುದೊಂದು ಬಾಕಿ.

"ತಪ್ಪು ನಿಮ್ದೇ ಅಲ್ವಾ? ಕೊಯ್ಲಿನ ನಡುವೆ ಮೇಸ್ತ್ರಿ ಮುನಿಸ್ಕೊಂಡು ಆಳು ಕಟ್ಕೊಂಡು ಹೋದ್ರೆ ಹಣ್ಣು ನೀವು ಕೊಯ್ತೀರಾ? ಅವಳಿಗೆ ಕೊನೆಯ ಕೋಣೆ ಕೊಡಿ," ಎಂದರು.

ಒಂದು ಬೆಳಗ್ಗೆಯ ಮಟ್ಟಿಗೆ ಮೊದಲನೆಯವಳಾಗಿದ್ದ ದೇಯಿ, ಸಂಜೆಗೆ ಪುಸ್ತಕದ ಕೊನೆಯ ಗೆರೆಗೆ ಇಳಿದಳು. ಆ ಗೆರೆಯನ್ನೂ ನಾನೇ ಬರೆದೆ. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿಲ್ಲ.

ಗೋವೆಯ ಪತ್ರ ಬಂದದ್ದು ಮಳೆ ಹಿಡಿದ ಮೇಲೆ. ಗಡಿ ಮುಚ್ಚಿದ್ದರಿಂದ ಯಾರೋ ಹಡಗಿನವರ ಕೈ ಸೇರಿ, ಎಲ್ಲೆಲ್ಲೋ ಸುತ್ತಿ ಮಡಿಕೇರಿಯ ಅಂಚೆಗೆ ಮುಟ್ಟಿತ್ತು. ಬರೆದವನ ಹೆಸರು ಕಾಯ್ತಾನ. ಚರಿತ್ರೆಗೆ ಹಳೆಯ ಪತ್ರಗಳನ್ನು ಓದಿ ಹೇಳುತ್ತಿದ್ದ, ನನ್ನ ಬೆನ್ನಿಗೇ ಸದಸ್ಯನಾದ ಗೆಳೆಯ. ಈಗ ಕಾರ್ಯದರ್ಶಿಯಾಗಿದ್ದಾನೆ. ಇಂಡಿಯಾದವರನ್ನೆಲ್ಲ ಪಟ್ಟಿಯಿಂದ ತೆಗೆಯಲು ಸಭೆ ತೀರ್ಮಾನಿಸಿತು, ನಿನ್ನ ಚರಿತ್ರೆಯ ಪುಸ್ತಕ ಅಚ್ಚಾಗಿದೆ, ನಿನ್ನ ಹೆಸರು ಹಾಕುವ ಕಾಲ ಇದಲ್ಲ, ನಿನಗೆ ಅರ್ಥವಾಗುತ್ತದೆ ಎಂದು ಬರೆದಿದ್ದ. ಅಕ್ಷರ ಮುದ್ದಾಗಿತ್ತು. ಸಹಿಯ ಕೆಳಗೆ, ವಾಡಿಕೆಯಂತೆ, ಸಂಖ್ಯೆ: ನೂರ ಎಂಬತ್ತೆಂಟು.

ಛತ್ರಿಯನ್ನೂ ಹಿಡಿಯದೆ ನಾನು ಲೈನಿನ ಕೊನೆಯ ಕೋಣೆಗೆ ಹೋದೆ. ಯಾಕೆ ಹೋದೆನೋ. ಬಹುಶಃ ನನ್ನ ದುಃಖ ತಿಳಿಯುವವಳು ಅವಳೊಬ್ಬಳೇ ಎಂದು ಅನಿಸಿತ್ತು. ಹಣ್ಣು ಸುಲಿಯುವ ಪಲ್ಪರ್ ಯಂತ್ರದ ಕೊಳೆತ ಸಿಪ್ಪೆಯ ನಾತ ಒಳಗೂ ಹೊಡೆಯುತ್ತಿತ್ತು. ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದೆ. ನನ್ನ ಸಂಖ್ಯೆ ಗೆಳೆಯನಿಗೇ ಹೋಯಿತು ಎಂದೆ. ದೇಯಿ ಒಲೆಗೆ ಸೌದೆ ತಳ್ಳುತ್ತ ಕೇಳಿಸಿಕೊಂಡಳು.

"ನಿಮ್ಮ ಮನೆ ಹೋಯ್ತಾ ರೈಟ್ರೇ?"

"ಇಲ್ಲ."

"ನಂದು ಹೋಯ್ತು."

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಇನ್ನು ಕೆಲವು ತಿಂಗಳಲ್ಲಿ ಕೊಡಗು ರಾಜ್ಯ ಮೈಸೂರಿಗೆ ಸೇರುತ್ತದಂತೆ. ಕಾರವಾರವೂ ಮುಂಬಯಿಯನ್ನು ಬಿಟ್ಟು ಅಲ್ಲಿಗೇ ಬರುತ್ತದಂತೆ. ತಮ್ಮದೊಂದು ಪುಟ್ಟ ರಾಜ್ಯವಿತ್ತು, ಇನ್ನು ದೊಡ್ಡ ಪಟ್ಟಿಯ ಕೊನೆಗೆ ಎಂದು ಸಾಹುಕಾರರು ಗೊಣಗುತ್ತಾರೆ. ನಾವೆಲ್ಲ ಒಂದೇ ರಾಜ್ಯದವರಾದ ಮೇಲಾದರೂ ಊರಿಗೆ ಬಾ ಎಂದು ನೀವು ಬರೆಯುತ್ತೀರಿ. ನನ್ನನ್ನು ನೀವು ಗೋವೆಗೆ ಓಡಿಹೋದವನೆಂದಿರಿ, ಗೋವೆಯವರು ಇಂಡಿಯಾದವನೆಂದರು, ಇಲ್ಲಿ ನಾನು ಎಲ್ಲಿಂದಲೋ ಬಂದ ರೈಟರ್. ಪ್ರತಿ ಸೋಮವಾರ ಸಾಹುಕಾರರ ಮುಂದೆ ನಿಂತು ನಲವತ್ತೇಳರ ಮಾತು ಎತ್ತುತ್ತೇನೆ, ಪ್ರತಿ ಸೋಮವಾರ ಬೈಸಿಕೊಳ್ಳುತ್ತೇನೆ. ಆ ಕೋಣೆ ದೇಯಿಗೆ ಮರಳುವ ತನಕ ಇಲ್ಲಿಂದ ಹೊರಡಲು ನನಗೆ ಮುಖವಿಲ್ಲ. ಮರಳಿದ ಮೇಲೆ ಇಲ್ಲಿ ಉಳಿಯಲು ಕಾರಣವಿಲ್ಲ.