ಆರು ತೂತಿಗೆ ಮೇಣ

ತೊಂಬತ್ತರ ದಶಕದ ಕೊನೆಗೆ ತುಮಕೂರಿನಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೆ. ಕ್ಲಾಸಿಗೆ ಸದಾ ನಾನೇ ಮೊದಲು. ಆದರೆ ಪ್ರಾಜೆಕ್ಟಿನ ಐಡಿಯಾ ಹೊಳೆದದ್ದು ನನ್ನ ಜೊತೆಗಾತಿಗೆ. ಅದನ್ನು ನನಗೆ ಸಹಿಸಲಾಗಲಿಲ್ಲ.

ವಿಮಾನದ ಬಾಲದ ಮೇಲೆ ನೆಟ್ಟಗೆ ನಿಂತ ರೆಕ್ಕೆಯೊಂದಿರುತ್ತದೆ. ಅದರ ಹಿಂಬದಿಯಲ್ಲಿ ಬಾಗಿಲಿನಂತೆ ತಿರುಗುವ ಭಾಗವೇ ರಡ್ಡರ್. ಅದನ್ನು ತೀರಾ ತಿರುಗಿಸಿದರೆ ಗಾಳಿ ಅದರ ಮೈಬಿಟ್ಟು ಸುಳಿಯಾಗುತ್ತದೆ, ಬಾಲದ ಬಲ ಕುಂದುತ್ತದೆ. ಜೊತೆಗಾತಿಯ ತಂದೆಗೆ ಬಟವಾಡಿಯಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವ ಅಂಗಡಿಯಿತ್ತು.

"ಅಬ್ಬಾನ ಕಂಪ್ರೆಸರ್ ತರ್ತೀನಿ ಕಣೇ. ರಡ್ಡರ್ ಬುಡದಲ್ಲಿ ತೂತು ಕೊರೆದು ಗಾಳಿ ಊದೋಣ. ಸುಳಿ ಏಳಲ್ಲ, ನೋಡ್ತಿರು," ಅಂದಳು.

ಮರದಲ್ಲಿ ಬಾಲದ ಮಾದರಿ ಕೆತ್ತಿದವಳು ನಾನು. ಹನ್ನೆರಡು ತೂತು ಕೊರೆದು, ಗಾಳಿಯ ಜಾಡು ಕಾಣಲೆಂದು ಉಣ್ಣೆ ಎಳೆಗಳನ್ನು ಅಂಟಿಸಿದವಳೂ ನಾನೇ. ದೊಡ್ಡ ಫ್ಯಾನಿನಿಂದ ಗಾಳಿ ಹಾಯಿಸುವ ಕಾಲೇಜಿನ ಗಾಳಿ ಸುರಂಗದಲ್ಲಿಟ್ಟು ರಡ್ಡರ್ ತಿರುಗಿಸಿದಾಗ ಎಳೆಗಳು ಹುಚ್ಚೆದ್ದು ಕುಣಿದವು. ಕಂಪ್ರೆಸರ್ ಬಿಟ್ಟಾಗ ಕೊಂಚ ಅಡಗಿದವು, ಅಷ್ಟೇ. ಆದರೂ ಮೇಷ್ಟ್ರು ಅವಳಿಗೆ, "ಒಳ್ಳೇ ತಲೆ ಕಣಮ್ಮ ನಿಂದು," ಅಂದರು. ನನ್ನ ಕಡೆ ತಿರುಗಲಿಲ್ಲ. ಗುಬ್ಬಿ ಬಸ್ಸಿನಲ್ಲಿ ಊರು ಸೇರುವವರೆಗೂ ಆ ಮಾತು ಚುಚ್ಚುತ್ತಲೇ ಇತ್ತು.

ಪರೀಕ್ಷಕರು ಬರುವ ದಿನ ಎಲ್ಲರಿಗಿಂತ ಮುಂಚೆ ಹೋಗಿ, ಒಂದು ಬಿಟ್ಟು ಒಂದರಂತೆ ಆರು ತೂತುಗಳಿಗೆ ಮೇಣ ತುಂಬಿದೆ. ಅವಳಿಗೆ ಮುಖಭಂಗವಾಗಲಿ ಎಂಬುದೊಂದೇ ತಲೆಯಲ್ಲಿತ್ತು. ನನ್ನ ಅಂಕವೂ ಹೋಗುತ್ತದೆ ಎನ್ನುವುದು ಹೊಳೆಯಲೇ ಇಲ್ಲ.

ಅವಳು ಕಂಪ್ರೆಸರ್ ಬಿಟ್ಟಳು. ಉಳಿದ ಆರು ತೂತುಗಳಿಂದ ಗಾಳಿ ಮೊದಲಿಗಿಂತ ರಭಸವಾಗಿ ನುಗ್ಗಿತು. ಎಳೆಗಳೆಲ್ಲ ಎಣ್ಣೆ ಹಚ್ಚಿ ಬಾಚಿದ ತಲೆಗೂದಲಿನಂತೆ ಮಲಗಿಬಿಟ್ಟವು. ಬಾಲದ ಬಲ ಅಳೆಯುವ ಮುಳ್ಳು ಎಂದೂ ಹೋಗದಷ್ಟು ಮೇಲಕ್ಕೆ ಹೋಯಿತು.

ಪರೀಕ್ಷಕರು ಬಗ್ಗಿ ನೋಡಿದರು. "ಅರ್ಧ ತೂತು ಮುಚ್ಚಿದ್ದೀರಲ್ಲ, ಯಾರ ಯೋಚನೆ ಇದು?"

ಅವಳು ಮೇಣವನ್ನು ನೋಡಿದಳು, ಆಮೇಲೆ ನನ್ನನ್ನು. "ಇವಳದು ಸರ್," ಅಂದಳು.

ಹೊರಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. "ಕೆಡಿಸ್ಬೇಕು ಅಂತಾನೇ ಮುಚ್ಚಿದ್ದು ಕಣೇ."

"ನಿನ್ನ ಮುಖ ನೋಡ್ದಾಗ್ಲೇ ಗೊತ್ತಾಯ್ತು." ಅವಳು ನನ್ನನ್ನು ಬಿಟ್ಟು ಸರಸರನೆ ಮುಂದೆ ನಡೆದಳು. ಮೆಟ್ಟಿಲ ಬಳಿ ತಿರುಗಿ ನಿಂತು, "ನಾಲ್ಕೇ ತೂತು ಬಿಟ್ರೆ ಏನಾಗುತ್ತೆ? ನಾಳೆ ನೋಡೋಣ್ವಾ?" ಅಂದಳು.

ಮಾರನೆಯ ದಿನ ನೋಡಿದೆವು. ಕೆಲಸದ ಮಾತು ಬಿಟ್ಟು ಬೇರೇನನ್ನೂ ಅವಳು ಆಡಲಿಲ್ಲ. ಕ್ಯಾಂಟೀನಿನಲ್ಲಿ ಬೇರೆ ಮೇಜಿಗೆ ಹೋಗಿ ಕೂತಳು. ಕೊನೆಗೆ ಇಬ್ಬರಿಗೂ ಒಂದೇ ಅಂಕ ಬಂತು. ಅಷ್ಟು ಸಿಟ್ಟಿನ ನಡುವೆಯೂ ನಾಲ್ಕು ತೂತಿನ ಬಗ್ಗೆ ಯೋಚಿಸಬಲ್ಲವಳಾಗಿದ್ದಳಲ್ಲ, ಅದಕ್ಕಾಗಿ ಅವಳ ಮೇಲೆ ನನಗೆ ಈಗಲೂ ಹೊಟ್ಟೆಕಿಚ್ಚು.